ಕಡ್ಡಾಯ ಪ್ರಶ್ನೆ

ಜನವರಿ 8, ಬುಧವಾರ

ಇವತ್ತೂ ಹೋಟೆಲಿನ ಬೆಡ್‌ಶೀಟೇ. ಮೂಟೆ ಬಿಚ್ಚಿದರೆ ವಾಸನೆ ಮೂಗಿಗೆ ಬರುವುದಿಲ್ಲ, ನೇರ ಗಂಟಲಿಗೆ ಇಳಿಯುತ್ತದೆ. ಕಲೆ ನೋಡಿ ವಿಂಗಡಿಸುವುದು ಲಾಂಡ್ರಿಯಲ್ಲಿ ನನ್ನ ಪಾಲಿನ ಕೆಲಸ — ಕಾಫಿ ಒಂದು ಕಡೆ, ರಕ್ತ ಒಂದು ಕಡೆ, ಹೆಸರು ಹೇಳಬಾರದ್ದು ಇನ್ನೊಂದು ಕಡೆ. ಗ್ಲೌಸ್ ತೂತು. ಹೊಸದು ಕೇಳಿದರೆ ಮಾಲೀಕ, “ತೂತಿರೋ ಬೆರಳು ಬಿಟ್ಟು ಮಿಕ್ಕಿದ್ರಲ್ಲಿ ಮಾಡಮ್ಮ” ಅಂದ. ಜೋಕಂತೆ.

ಅಲ್ಲಿಂದ ಸೀದಾ ಸಂಜೆ ಕಾಲೇಜು. ಅಲ್ಲೂ ಕಲೆಯೇ. ‘ಕಲೆ ಮತ್ತು ಮಾನವಿಕಗಳ ಪರಿಚಯ’ — ಮೊದಲ ವರ್ಷದವರಿಗೆಲ್ಲ ಕಡ್ಡಾಯ. ಸೇರಿದ ದಿನ ಅಮ್ಮ, “ಹಗಲೆಲ್ಲ ಕಲೆ ತೊಳೆದು ಬರ್ತೀಯ, ಸಂಜೆ ಅದನ್ನೇ ಕಲಿಯೋಕೆ ಹೋಗ್ತೀನಿ ಅಂತೀಯ. ನಿನ್ನ ಹಣೇಬರಹ” ಅಂದಿದ್ದಳು.

ಎಷ್ಟು ತಿಕ್ಕಿದರೂ ಕೈಯಿಂದ ಬ್ಲೀಚ್ ವಾಸನೆ ಹೋಗುವುದಿಲ್ಲ. ಪಕ್ಕದಲ್ಲಿ ಕೂರುವ ಹುಡುಗ ಮೈತುಂಬ ಸೆಂಟು ಸುರಿದುಕೊಂಡು ಬರುತ್ತಾನೆ. ಮನಸ್ಸಿನಲ್ಲಿ ಸೆಂಟಣ್ಣ ಅಂತ ಹೆಸರಿಟ್ಟಿದ್ದೇನೆ. “ಆಂಟಿ, ಸ್ವಿಮ್ಮಿಂಗ್ ಪೂಲಿಂದ ಬಂದ್ರಾ?” ಅಂದ. ನಗಬೇಕೋ ಬೇಡವೋ ಗೊತ್ತಾಗದೆ ನಕ್ಕೆ. ಯಾಕೆ ನಕ್ಕೆ...

ಜನವರಿ 13

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ತಲೆಕೂದಲು ಬೆಳ್ಳಗಾಗುವ ಹೊತ್ತಿಗೆ ಪ್ರೈವೇಟಾಗಿ ಪರೀಕ್ಷೆ ಕಟ್ಟಿ, ಬಿದ್ದು, ಮತ್ತೆ ಕಟ್ಟಿ ಇಲ್ಲಿಗೆ ಬಂದದ್ದು. ನಡುವೆ ಎಲ್ಲರಿಗೂ ಏನೋ ಹೇಳಿಕೊಟ್ಟುಬಿಟ್ಟಿದ್ದಾರೆ, ಆವತ್ತು ನಾನೊಬ್ಬಳೇ ಆಬ್ಸೆಂಟು — ಸದಾ ಇದೇ ಪುಕುಪುಕು.

ಮೇಡಂ ನನಗಿಂತ ಚಿಕ್ಕವರು. ಪರದೆಯ ಮೇಲೆ ಚಿತ್ರ ಹಾಕಿ, “ಇದು ನಿಮ್ಮ ಜೊತೆ ಮಾತಾಡ್ತಾ ಇದೆಯಾ?” ಅಂತ ಕೇಳುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ನಾನೂ. ನನ್ನ ಜೊತೆ ಯಾವ ಚಿತ್ರವೂ ಇದುವರೆಗೆ ತುಟಿ ಬಿಚ್ಚಿಲ್ಲ. ಸುಳ್ಳು ಸುಳ್ಳೇ ಆಡುವ ಮೂವತ್ತು ತಲೆಗಳು. ನೋಡಿದರೆ ಅಸಹ್ಯ.

ಈ ಪೇಪರ್ ಹೋದರೆ ಮುಂದಿನ ಸೆಮಿಸ್ಟರ್‌ಗೆ ಬಿಡುವುದಿಲ್ಲವಂತೆ. ಆಮೇಲೆ ಸಾಯುವವರೆಗೂ ಬೆಡ್‌ಶೀಟು.

ಜನವರಿ 22, ಸಂಜೆ, ಬಸ್ಸಿನಲ್ಲಿ

ಮನೆ ಮುಟ್ಟುವವರೆಗೆ ತಡೆಯಲಾರೆ, ಇಲ್ಲೇ ಬರೆಯುತ್ತಿದ್ದೇನೆ.

ಇವತ್ತು ಫೋಟೋಗ್ರಫಿ ಪಾಠ. ಒಂದು ಕಪ್ಪು ಬಿಳುಪು ಚಿತ್ರ ಬಂತು. ಆಸ್ಪತ್ರೆಯ ಕಾರಿಡಾರು, ಬೆಂಚು, ಬೆಂಚಿನ ತುದಿಯಲ್ಲಿ ಒಬ್ಬ ಮುದುಕಿ. ಕತ್ತು ಹಿಂದಕ್ಕೆ ವಾಲಿದೆ. ಬಾಯಿ ತೆರೆದು ನಿದ್ದೆ. ಒಂದೂ ಹಲ್ಲಿಲ್ಲ. ಕುತ್ತಿಗೆಯ ನರ ಎಣಿಸಬಹುದು.

ಅಮ್ಮ.

ಇರಲಾರದು ಅಂದುಕೊಂಡೆ. ಆಮೇಲೆ ಸ್ವೆಟರಿನ ಗುಂಡಿ ಕಂಡಿತು. ನಾನೇ ಹೊಲಿದದ್ದು, ಮಿಕ್ಕವಕ್ಕಿಂತ ದೊಡ್ಡದು. ಹೋದ ವರ್ಷ ಕಣ್ಣಿನ ಆಪರೇಷನ್ನಿಗೆ ಹೋದ ದಿನ. ನಾನು ಔಷಧಿ ಕೌಂಟರಿನ ಕ್ಯೂನಲ್ಲಿದ್ದೆ. ಅವಳ ಹಲ್ಲಿನ ಸೆಟ್ಟು ನನ್ನ ಪರ್ಸಿನಲ್ಲಿತ್ತು.

ದೊಡ್ಡ ಪ್ರಶಸ್ತಿ ಬಂದ ಫೋಟೋ ಅಂತೆ. ಹೆಸರು ‘ಯಾರೂ ಇಲ್ಲ’. ತೆಗೆದವನ ಮಾತನ್ನು ಮೇಡಂ ಓದಿದರು: “ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ ಎಂದಳು. ಕಣ್ಣು ಮುಚ್ಚಿಕೊಂಡಳು.” ಓದುವಾಗ ದನಿಯನ್ನು ಬೇಕೆಂದೇ ಸಣ್ಣದು ಮಾಡಿಕೊಂಡರು. ಮುಂದಿನ ಬೆಂಚಿನ ಹುಡುಗಿ ಕಣ್ಣೊರೆಸಿಕೊಂಡಳು. ಸೆಂಟಣ್ಣ ಎದ್ದು, “ಆ ಬಾಯಿ ನೋಡಿ ಮೇಡಂ, ಒಂಥರಾ ಗುಹೆ. ಸಾವಿನ ಬಾಗಿಲು” ಅಂದ. ವೆರಿ ಗುಡ್ ಅಂತೆ.

ಬೆಳಿಗ್ಗೆ ತಾನೆ ನನ್ನನ್ನು ಮೂದೇವಿ ಅಂತ ಬೈದ ಬಾಯಿ ಅದು.

ಎದ್ದು ಹೇಳಬಹುದಿತ್ತು. ಎಲ್ಲರ ಜೊತೆ ನಾನೂ ನೋಟ್ಸಿನಲ್ಲಿ ‘ಗುಹೆ’ ಅಂತ ಬರೆದುಕೊಂಡೆ. ಛೀ.

ಜನವರಿ 24

ಫೋಟೋ ಅಲ್ಲ ಕೊರೆಯುತ್ತಿರುವುದು. ಆ ಮಾತು. ಅಮ್ಮ ನಿಜವಾಗಿ ಹಾಗಂದಳಾ? ಅಂದಿದ್ದರೆ ಅವಳ ಕಣ್ಣಿಗೆ ಡ್ರಾಪ್ಸ್ ಹಾಕುವವಳು ಯಾರು, ಉಗುರು ಕತ್ತರಿಸುವವಳು ಯಾರು? ಆವತ್ತು ಬೆಳಗ್ಗಿನಿಂದ ಕಾಲು ಬಾತುಹೋಗುವಷ್ಟು ಕ್ಯೂ ನಿಂತವಳು ಯಾರು, ದೆವ್ವವಾ?

ಕೇಳಿಬಿಡಬೇಕು. ಕೇಳಿದಾಗ “ಹೂಂ, ಅಂದೆ” ಅಂದುಬಿಟ್ಟರೆ?

ಊಟಕ್ಕೆ ಕೂತು ಅಮ್ಮ ಬಾಯಿ ತೆರೆದಳು. ಗುಹೆ ಕಂಡಿತು. ಆ ಸೆಂಟಿನ ಹುಡುಗ ನನ್ನ ಅಮ್ಮನ ಬಾಯನ್ನು ಎಂಜಲು ಮಾಡಿ ಇಟ್ಟಿದ್ದಾನೆ. ತಟ್ಟೆ ಸರಿಸಿ ಎದ್ದೆ.

“ಏನೇ, ಬಸುರಿನಾ?” ಅಂದಳು.

ಗಂಡ ಬಿಟ್ಟುಹೋಗಿ ಎಷ್ಟು ವರ್ಷವಾಯಿತು ಅಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳಿಗೆ ಎಲ್ಲ ತಮಾಷೆ.

ಫೆಬ್ರವರಿ 3

ಅಂದುಕೊಂಡದ್ದಕ್ಕಿಂತ ಹೇಸಿಗೆ. ಪರೀಕ್ಷೆಯ ಕಡ್ಡಾಯ ಪ್ರಶ್ನೆ ಆ ಫೋಟೋ ಮೇಲೆಯೇ ಬರುತ್ತದಂತೆ. ಅದನ್ನು ಬಿಟ್ಟರೆ ಪಾಸು ಕನಸು. ಮಾದರಿ ಉತ್ತರ ಡಿಕ್ಟೇಟ್ ಮಾಡಿಸಿದರು. “ಆಕೆಗೆ ಯಾರೂ ಇಲ್ಲ. ಈ ಇಲ್ಲದಿರುವಿಕೆಯೇ ಚಿತ್ರದ ಸೌಂದರ್ಯ. ಪಕ್ಕದ ಖಾಲಿ ಜಾಗವು ಸಮಾಜದ ನಿರ್ಲಕ್ಷ್ಯವನ್ನು ಸೂಚಿಸುತ್ತದೆ.”

ಅದು ನಾನು ಎದ್ದುಹೋದ ಜಾಗ. ಸಮಾಜ ಅಲ್ಲಿ ಕೂತಿರಲೇ ಇಲ್ಲ.

‘ನಿರ್ಲಕ್ಷ್ಯ’ ಬರೆಯುವಾಗ ಒತ್ತಕ್ಷರ ತಪ್ಪಿತು. ಪಕ್ಕದ ಸೆಂಟಣ್ಣ ಬಗ್ಗಿ ತಿದ್ದಿದ. ಒಳ್ಳೆಯ ಹುಡುಗನೇ ಇರಬೇಕು. ಆ ಒಳ್ಳೆಯತನವೂ ಸೆಂಟು ಹೊಡೆಯಿತು.

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ

ಕೇಳಿದೆ.

ಕ್ಲಾಸಿನ ಗ್ರೂಪಿನಲ್ಲಿ ಮೇಡಂ ಕಳಿಸಿದ್ದ ಫೋಟೋವನ್ನು ಅಮ್ಮನ ಮುಂದೆ ಹಿಡಿದೆ. ಕಣ್ಣು ಕಿರಿದು ಮಾಡಿ ನೋಡಿದಳು.

“ಇದ್ಯಾರೇ ಈ ಪಿಶಾಚಿ?”

“ನೀನೇ ಅಮ್ಮ.”

“ಥೂ. ಹಲ್ಲೆಲ್ಲಿ?”

“ನನ್ನ ಹತ್ರ ಕೊಟ್ಟಿದ್ದೆ. ಆಸ್ಪತ್ರೇಲಿ. ಒಬ್ಬ ಬಂದು ಏನೋ ಕೇಳಿದ್ನಂತೆ, ನೆನಪಿದೆಯಾ?”

ಅಮ್ಮ ನೆನಪಿಸಿಕೊಳ್ಳುತ್ತಾ ಕೂತಳು. ಹಾಳಾದ್ದು, ಯಾಕೆ ಕೇಳಿದೆನೋ ಅನ್ನಿಸಿತು.

“ಬಂದಿದ್ದ. ಹೆಗಲಿಗೆ ಇಷ್ಟು ದೊಡ್ಡ ಚೀಲ. ಯಾರಿದ್ದಾರಮ್ಮಾ ಅಂದ. ಆ ಚೀಲ ನೋಡಿದ್ರೆ ಗೊತ್ತಾಗಲ್ವೇನೇ, ಏನೋ ಮಾರೋಕೆ ಬಂದಿದ್ದಾನೆ ಅಂತ? ಯಾರೂ ಇಲ್ಲ, ಮುಂದೆ ಹೋಗಪ್ಪ ಅಂದೆ. ಹೋಗ್ಲಿಲ್ಲ, ಕಂಬದ ಥರ ನಿಂತ. ನಿದ್ದೆ ಬಂದೋರ ಹಾಗೆ ಕಣ್ಣು ಮುಚ್ಕೊಂಡೆ. ಆಮೇಲೆ ನಿಜವಾಗ್ಲೂ ಬಂತು.”

ಎಷ್ಟೋ ಹೊತ್ತು ನಕ್ಕೆ. ಅಳುವೂ ಬಂತು, ಮೂಗೂ ಸೋರಿತು. ನಮ್ಮ ಮನೆ ಬಾಗಿಲಿಗೆ ಸೋಪಿನವರು, ಚಂದಾದವರು ಯಾರು ಬಂದರೂ ಅಮ್ಮ ಹೊಸ್ತಿಲಲ್ಲಿ ಖುದ್ದು ನಿಂತುಕೊಂಡು “ಮನೇಲಿ ಯಾರೂ ಇಲ್ಲ” ಅನ್ನುವವಳು. ಹಿಂದೆ ನಾನು ಪಾತ್ರೆ ತೊಳೆಯುವ ಸದ್ದು ಕೇಳುತ್ತಿರುತ್ತದೆ. ಅವರೂ ಮರುಮಾತಾಡದೆ ಮುಂದೆ ಹೋಗುತ್ತಾರೆ. ಎಲ್ಲರಿಗೂ ಅರ್ಥವಾಗುವ ಮಾತು. ಈ ಪುಣ್ಯಾತ್ಮನಿಗೆ ಮಾತ್ರ ಅದಕ್ಕೆ ಪ್ರಶಸ್ತಿ ಬಂದಿದೆ.

“ಅದಕ್ಕೆ ಪ್ರೈಜು ಕೊಟ್ಟಿದ್ದಾರಾ? ಹಾಗಿದ್ರೆ ನಾಳೆಯಿಂದ ಬಂದೋರನ್ನೆಲ್ಲ ಒಳಗೆ ಕರೀತೀನಿ” ಅಂದಳು. ಪರೀಕ್ಷೆಗೆ ಬರುತ್ತೀಯ ಅಂದದ್ದಕ್ಕೆ ಮುಖ ಅರಳಿತು. “ನನ್ನ ಮೇಲೆ ಪ್ರಶ್ನೆನಾ? ಚೆನ್ನಾಗಿ ಬರಿಯೇ ಮತ್ತೆ. ನನ್ನ ವಿಷಯ ನನಗಿಂತ ಚೆನ್ನಾಗಿ ನಿನಗೇ ತಾನೆ ಗೊತ್ತಿರೋದು.”

ಫೆಬ್ರವರಿ 11

ಸ್ಟಾಫ್ ರೂಮಿಗೆ ಹೋಗಿ ಹೇಳಿದೆ. ಮೇಡಂ ಬಿಸ್ಕತ್ತು ಕಾಫಿಯಲ್ಲಿ ಅದ್ದುತ್ತಿದ್ದರು.

“ಅಯ್ಯೋ. ನಿಮ್ಮ ತಾಯಿನಾ?” ನನ್ನ ಭುಜ ಸವರಿದರು. ಅನಾಥಾಲಯದ ಮಗುವನ್ನು ಸವರಿದ ಹಾಗೆ.

ಚೀಲದ ಕಥೆ ಹೇಳಿದೆ. ನಕ್ಕರು. ನಿಜವಾದ ನಗುವೇ. ಒಂದು ಕ್ಷಣ ಎಲ್ಲ ಸರಿಹೋಯಿತು ಅನ್ನಿಸಿತು.

“ತುಂಬಾ ಚೆನ್ನಾಗಿದೆ. ಆದರೆ ನೋಡಿ, ಕೃತಿ ಅಂತಾದ ಮೇಲೆ ಅದು ನಿಮ್ಮ ತಾಯಿ ಅಲ್ಲ.”

“ಮತ್ತೆ ಯಾರು ಮೇಡಂ?”

“ರೂಪಕ.”

ಮನೆಗೆ ಹೋಗಿ ರೂಪಕಕ್ಕೆ ಡ್ರಾಪ್ಸ್ ಹಾಕಬೇಕು ಅನ್ನಬಹುದಿತ್ತು, ಅದು ಬಸ್ ಸ್ಟಾಪಿನಲ್ಲಿ ಹೊಳೆಯಿತು. ಸ್ಟಾಫ್ ರೂಮಿನಲ್ಲಿ ಕೇಳಿದ್ದಿಷ್ಟೇ: “ಪರೀಕ್ಷೇಲಿ ನಿಜ ಬರೆದರೆ ನಡೆಯುತ್ತಾ ಮೇಡಂ?”

ಬಿಸ್ಕತ್ತು ಕಾಫಿಯೊಳಗೆ ಮುರಿದುಬಿತ್ತು. ಬೆರಳು ಹಾಕಿ ತೆಗೆಯುತ್ತಾ, “ಬೇಡ ಅನ್ನಲ್ಲ. ಆದರೆ ಪೇಪರ್ ತಿದ್ದೋರು ಹೊರಗಿನವರು. ಅವರ ಕೈಲಿ ಮಾದರಿ ಉತ್ತರ ಇರುತ್ತೆ. ಅದರಲ್ಲಿ ನೀವು ಇಲ್ಲ” ಅಂದರು. ಬೆರಳು ಚೀಪಿಕೊಂಡರು.

ಫೆಬ್ರವರಿ 20

ಓದುತ್ತಿದ್ದೇನೆ. ಮಾದರಿ ಉತ್ತರವೂ ಬಾಯಿಪಾಠವಾಗಿದೆ, ಬೇಡವೆಂದರೂ. ಶೀಟು ವಿಂಗಡಿಸುವಾಗ ತಾನೇ ನಾಲಿಗೆಗೆ ಬರುತ್ತದೆ. ಇಲ್ಲದಿರುವಿಕೆಯೇ ಸೌಂದರ್ಯ, ಇಲ್ಲದಿರುವಿಕೆಯೇ ಸೌಂದರ್ಯ. ಉಗಿದೆ. ಮಾಲೀಕ, “ನೆಲದ ಮೇಲೆ ಉಗೀಬೇಡಮ್ಮ” ಅಂದ.

ನಿಜವನ್ನೇ ಬರೆಯುವುದು. ಗಟ್ಟಿ. ಹೋದರೆ ಹೋಗಲಿ.

ಹೋದರೆ?

ಫೆಬ್ರವರಿ 26, ಸಂಜೆ 6

ಪರೀಕ್ಷೆ ಮುಗಿಯಿತು.

ಪ್ರಶ್ನೆಪತ್ರಿಕೆಯಲ್ಲಿ ಅಮ್ಮ ಅಂಚೆಚೀಟಿಯಷ್ಟು ಚಿಕ್ಕದಾಗಿ ಅಚ್ಚಾಗಿದ್ದಳು, ಮಸಿ ಹರಡಿ ಮುಖವೇ ಇರಲಿಲ್ಲ. ಮೊದಲು, “ಈ ಚಿತ್ರದಲ್ಲಿರುವವರು ನನ್ನ ತಾಯಿ” ಅಂತ ಬರೆದೆ. ಬರೆದು ನೋಡಿದೆ. ಅದರ ಮುಂದೆ ಲಾಂಡ್ರಿ ಕಂಡಿತು — ಮೂಟೆ, ತೂತು ಗ್ಲೌಸು, ಮುದುಕಿಯಾದ ನಾನು. ಹೊಡೆದುಹಾಕಿದೆ. ಓದಲಾಗದ ಹಾಗೆ ನಾಲ್ಕಾರು ಸಲ ಗೀಚಿದೆ, ಕಾಗದ ಹರಿಯುವಷ್ಟು.

ಆಮೇಲೆ ಕೈ ನಿಲ್ಲಲಿಲ್ಲ. ಆಕೆಗೆ ಯಾರೂ ಇಲ್ಲ ಅಂತ ದುಂಡಗೆ ಬರೆದೆ. ಖಾಲಿ ಜಾಗ ಬರೆದೆ. ನಿರ್ಲಕ್ಷ್ಯ ಬರೆದೆ, ಒತ್ತಕ್ಷರ ಸರಿಯಾಗಿ. ಗುಹೆಯನ್ನೂ ಬಿಡಲಿಲ್ಲ. ಮೇಲೆ ನನ್ನದೇ ಒಂದು ಮಾತು ಸೇರಿಸಿದೆ — ಆ ಬಾಯಿ ಯಾರನ್ನೂ ಕರೆಯುವುದನ್ನು ಬಿಟ್ಟು ಬಹಳ ಕಾಲವಾಗಿದೆ ಅಂತ. ಚೆನ್ನಾಗಿ ಬಂತು ಅನ್ನಿಸಿತು. ಖುಷಿಯೂ ಆಯಿತು. ಆ ಖುಷಿಯೇ ಈಗ ಬಾಯಲ್ಲಿ ಹುಳಿಹುಳಿಯಾಗಿ ಕೂತಿದೆ, ಉಗಿದರೂ ಹೋಗುವುದಿಲ್ಲ.

ಪಾಸಾಗುತ್ತೇನೆ. ಅನುಮಾನವಿಲ್ಲ.

ಅಮ್ಮ ಬಾಗಿಲಲ್ಲೇ ಕಾದಿದ್ದಳು. “ನಾನು ಬಂದ್ನಾ?”

“ಬಂದೆ.”

“ಎಷ್ಟು ಬರೆದೆ?”

“ಎರಡು ಪುಟ.”

“ನನ್ನ ಮೇಲೆ ಎರಡು ಪುಟನಾ?” ಪಕ್ಕದ ಮನೆಯವರಿಗೆ ಕೇಳುವ ಹಾಗೆ ಅಂದಳು. ಓದಿ ಹೇಳು ಅಂತಾಳೆ. ಪೇಪರ್ ಅವರೇ ಇಟ್ಟುಕೊಳ್ಳುತ್ತಾರೆ ಅಂದೆ. ನೆನಪಿರೋಷ್ಟು ಹೇಳು ಅಂತ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಿದ್ದಾಳೆ. ಇದನ್ನು ಬರೆಯುತ್ತಿರುವುದನ್ನು ನೋಡಿ, ನೆನಪು ಮಾಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದಾಳೆ. ಅವಸರ ಮಾಡುತ್ತಿಲ್ಲ. ಮಡಿಲಲ್ಲಿ ಕೈ ಕಟ್ಟಿಕೊಂಡು, ಮೊದಲನೇ ಸಾಲು ಹೇಳೇ ಸಾಕು ಅಂತಿದ್ದಾಳೆ. ಮೊದಲನೇ ಸಾಲು —