ವಿನ್‌ರಿಗ್ ಎಂದು ರುಜು ಹಾಕಿದವರು

ವಿನ್‌ರಿಗ್
೧೫ ಮಾರ್ಚ್ ೧೯೨೬, ಸೋಮವಾರ

ಪ್ರೀತಿಯ ತಂಗಿ ಎಫಿಗೆ,

ನಾನೂ ಅಣ್ಣನೂ ಈ ಚಳಿಗಾಲವನ್ನು ಹೇಗೋ ದಾಟಿದ್ದೇವೆ. ಕಡಲಾಚೆಯ ಡನೀಡಿನ್‌ನಲ್ಲಿ ನೀನೂ ಮೊಮ್ಮಕ್ಕಳೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಕಾಗದ ಅಕ್ಟೋಬರ್‌ನಲ್ಲೇ ಕೈಸೇರಿತ್ತು. ಉತ್ತರ ತಡವಾದದ್ದಕ್ಕೆ ಹಿಮ ಬಿತ್ತು, ಬೆರಳಿನ ಕೀಲು ಹಿಡಿದುಕೊಂಡಿತು, ಅಂಚೆಯವನು ಜಾರಿ ಬಿದ್ದ ಎಂದು ಬರೆಯಬಹುದು. ಅವೆಲ್ಲ ನಿಜವೇ, ಆದರೆ ಕಾರಣ ಅವಲ್ಲ. ಕ್ಷಮಿಸು.

ನೀನು ಎರಡು ವಿಷಯ ಕೇಳಿದ್ದೆ. ನಮಗಿಂತ ಮುಂಚೆ ವಿನ್‌ರಿಗ್‌ನಲ್ಲಿ ಯಾರ್‍ಯಾರಿದ್ದರು ಎಂದು ಮೊಮ್ಮಕ್ಕಳು ಕೇಳುತ್ತಾರೆ, ಬರೆದು ಕಳಿಸು ಎಂದಿದ್ದೆ. ಗಂಡ ಹೋದ ಮೇಲೆ ಅಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಊರಿಗೆ ಬಂದು ನಿಮ್ಮ ಜೊತೆಯೇ ಇದ್ದುಬಿಡಲೇ ಎಂದೂ ಕೇಳಿದ್ದೆ. ಮೊದಲನೆಯದಕ್ಕೆ ಉತ್ತರ ಹುಡುಕಲು ಹೋದವಳು ಎರಡನೆಯದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಕುಳಿತುಬಿಟ್ಟೆ.

ಮೊದಲನೆಯದನ್ನೇ ಮೊದಲು ಹೇಳುತ್ತೇನೆ. ಧಣಿಗಳು ಎಸ್ಟೇಟ್ ಮಾರಿದ ಮೇಲೆ ಹಳೆಯ ಕಾಗದಗಳೆಲ್ಲ ಹಾಯಿಕ್ ಪೇಟೆಯ ವಕೀಲರ ಕಚೇರಿಗೆ ಹೋಗಿವೆ. ಅಲ್ಲಿನ ಗುಮಾಸ್ತ ಡಾಡ್ಸ್ ಒಳ್ಳೆಯ ಮನುಷ್ಯ, ಕಟ್ಟುಗಳನ್ನು ಬಿಚ್ಚಿ ತೋರಿಸಿದ. ಆದರೆ ಇಲ್ಲಿನ ರೂಢಿ ನಿನಗೆ ಗೊತ್ತಲ್ಲ, ಗೇಣಿದಾರನನ್ನು ಯಾರೂ ಅವನ ಸ್ವಂತ ಹೆಸರು ಹಿಡಿದು ಕರೆಯುವುದಿಲ್ಲ. ಯಾವ ಹೊಲಮನೆಯೋ ಅದೇ ಅವನ ಹೆಸರು. ಹೀಗಾಗಿ ನೂರು ವರ್ಷದ ಕಾಗದದಲ್ಲೂ ಒಬ್ಬನೇ ವಿನ್‌ರಿಗ್. ಒಂದು ಕಾಗದದಲ್ಲಿ ಅವನು ಸತ್ತಿದ್ದಾನೆ, ಮುಂದಿನ ತಿಂಗಳಿನದರಲ್ಲಿ ಬೇಲಿಗೆ ಕಂಬ ಕೇಳಿದ್ದಾನೆ. ಯಾವ ವಿನ್‌ರಿಗ್ ಯಾರು ಎಂದು ಬಿಡಿಸುವಷ್ಟರಲ್ಲಿ ನನ್ನ ಕನ್ನಡಕ ಎರಡು ಸಲ ಬದಲಾಯಿತು ಎಂದರೆ ನೀನು ನಂಬಬೇಡ, ಒಂದೇ ಸಲ.

ಮೊದಲಿಗರು ಟೆಲ್ಫರ್ ಮನೆಯವರು, ಮೂರು ತಲೆಮಾರು. ಕೊನೆಯ ಟೆಲ್ಫರ್ ಹೋಗುವಾಗ, ಬಾಗಿಲು ತಾನು ಮಾಡಿಸಿದ್ದು ಎಂದು ಬಾಗಿಲನ್ನೇ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋದ. ಆಮೇಲೆ ಬಂದ ಪ್ರಿಂಗಲ್‌ನ ಹೆಂಡತಿ ಒಂದು ವಾರ ಬಾಗಿಲಿದ್ದ ಜಾಗಕ್ಕೆ ದನಕ್ಕೆ ಹೊದಿಸುವ ಕಂಬಳಿ ಇಳಿಬಿಟ್ಟುಕೊಂಡು ಅಡುಗೆ ಮಾಡಿದಳು. ಬಾಗಿಲು ಒಯ್ದವನು ಇನ್ನೇನು ಹೂತಿಟ್ಟಿದ್ದಾನೋ ಎಂದು ಪ್ರಿಂಗಲ್ ಹಿತ್ತಲನ್ನೆಲ್ಲ ಅಗೆಸಿ ನೋಡಿದನಂತೆ. ಏನೂ ಸಿಗಲಿಲ್ಲ, ಸಿಗದಿದ್ದಕ್ಕೆ ಅನುಮಾನ ಇನ್ನೂ ಜಾಸ್ತಿಯಾಯಿತು. ಹತ್ತೊಂಬತ್ತು ವರ್ಷದ ಕರಾರು ಮುಗಿಸಿ ಅವನೂ ಹೋದ. ೧೮೬೩ರ ಮೇ ತಿಂಗಳಲ್ಲಿ ನಮ್ಮಪ್ಪ ಬಂದ.

ಗುಡ್ಡದ ಕುರಿ ಗುಡ್ಡ ಬಿಟ್ಟು ಬಾಳುವುದಿಲ್ಲ. ತಾಯಿಯ ಹಿಂದೆ ಓಡಾಡಿಯೇ ಮರಿ ಗಡಿ ಕಲಿಯುತ್ತದೆ. ಹಾಗಾಗಿ ಗೇಣಿದಾರ ಬದಲಾದರೂ ಮಂದೆ ಇಲ್ಲೇ ಉಳಿಯುತ್ತದೆ. ಪ್ರಿಂಗಲ್ ಒಳ್ಳೆಯ ಕುರಿಗಳನ್ನು ಸಾಗಿಸಿ ಮುದಿಯವನ್ನು ಬಿಟ್ಟು ಹೋಗಿರಬೇಕೆಂದು ಅಪ್ಪ ಎರಡು ದಿನ ಕೂತು ನಾನೂರು ಕುರಿಗಳ ಬಾಯಿ ಬಿಡಿಸಿ ಹಲ್ಲು ನೋಡಿದ. ಹನ್ನೊಂದಕ್ಕೆ ಹಲ್ಲಿರಲಿಲ್ಲ. ಸಾಯುವವರೆಗೂ ಆ ಹನ್ನೊಂದರ ಕಥೆ ಹೇಳಿದ. ನಾವು ಮೂವರೂ ಅದನ್ನು ಕೇಳಿಕೊಂಡೇ ಗಂಜಿ ಕುಡಿದು ಬೆಳೆದವರು. ಈ ಮನೆಯಲ್ಲಿ ಗೇಣಿಯ ಜೊತೆಗೆ ಅನುಮಾನವೂ ಕೈಯಿಂದ ಕೈಗೆ ಬಂದಿದೆ, ಇದನ್ನು ಬೇಕಾದರೆ ಮೊಮ್ಮಕ್ಕಳಿಗೆ ಹೇಳು.

ಇನ್ನು ಮುಂದಿನದನ್ನು ಅವರಿಗೆ ಓದಿ ಹೇಳಬೇಡ.

ಅಪ್ಪನ ಮರದ ಪೆಟ್ಟಿಗೆಯ ತಳದಲ್ಲಿ ಎಸ್ಟೇಟಿನ ಪಾರುಪತ್ಯಗಾರ ಬರೆದ ಒಂದು ಕಾಗದ ಸಿಕ್ಕಿತು. 'ಪ್ರಿಯ ವಿನ್‌ರಿಗ್, ಥಾರ್ಬರ್ನ್ ವಿಷಯವಾಗಿ ನೀವು ಬರೆದದ್ದು ತಲುಪಿತು. ಬರ್ನ್‌ಫುಟ್ ಅವನಿಗೆ ಸಿಗುವುದಿಲ್ಲ. ನಿಮ್ಮ ಹೆಸರು ಹೊರಗೆ ಬಾರದು.' ತಾರೀಖು ೨ ಏಪ್ರಿಲ್ ೧೮೮೯.

ಗಿಡಿಯನ್ ಥಾರ್ಬರ್ನ್‌ನನ್ನು ನೀನು ಮರೆತಿರಲಾರೆ. ಆರು ವರ್ಷ ನಮ್ಮ ಮಂದೆ ಕಾದವನು. ಪಕ್ಕದ ಬರ್ನ್‌ಫುಟ್‌ನ ಮುದುಕ ತೀರಿಕೊಂಡು ಆ ಗೇಣಿ ಖಾಲಿಯಾದಾಗ ಅವನು ಅರ್ಜಿ ಹಾಕಿದ್ದ. ಸಿಕ್ಕಿದ್ದರೆ ಆ ಮೇ ತಿಂಗಳಲ್ಲೇ ನಮ್ಮ ಮದುವೆ. ಸಿಗಲಿಲ್ಲ. ಯಾಕೆ ಎಂದು ಕೇಳಿದರೆ 'ಸಿಗಲಿಲ್ಲ ಅಷ್ಟೆ' ಎಂದ. ಹದಿನೈದು ದಿನದಲ್ಲಿ ಪೆಟಗೋನಿಯಾದ ಕುರಿಗಳನ್ನು ಕಾಯಲು ಹಡಗು ಹತ್ತಿದ.

ಅಪ್ಪ ಸತ್ತಿದ್ದು ಆ ವರ್ಷದ ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ ವಿನ್‌ರಿಗ್ ಎಂದರೆ ಆರ್ಚಿಯಣ್ಣನೇ ಅಲ್ಲವೇ? ಬರ್ನ್‌ಫುಟ್‌ನ ಗುಡ್ಡ ಆಮೇಲೆ ಯಾರ ಗೇಣಿಗೆ ಸೇರಿತು? ನಮ್ಮದಕ್ಕೇ. ಎರಡನ್ನೂ ಕೂಡಿಸಿಕೊಳ್ಳಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

ಎಫಿ, ಈ ಚಳಿಗಾಲವನ್ನೆಲ್ಲ ನಾನು ಅಣ್ಣನ ಮೇಲೆ ಕಣ್ಣಿಡುವುದರಲ್ಲೇ ಕಳೆದೆ. ಅವನು ಕೆಮ್ಮಿದರೂ ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತಿತ್ತು. ಕಾಲುಚೀಲಕ್ಕೆ ತೇಪೆ ಹಾಕುವುದನ್ನು ಬಿಟ್ಟೆ. ಸಾರಿನಲ್ಲಿ ಮಾಂಸ ನನ್ನ ತಟ್ಟೆಗೆ, ನೀರು ಅವನ ತಟ್ಟೆಗೆ. ಭಾನುವಾರ ಚರ್ಚಿನಿಂದ ಬಂದವನೇ ಬರ್ನ್‌ಫುಟ್‌ನ ಕಲ್ಲುಗೋಡೆಯ ಕಡೆ ಹೋಗುತ್ತಾನೆ, ಮಾಡಿದ ಪಾಪ ಎಳೆಯುತ್ತಿದೆ ಎಂದುಕೊಂಡು ಒಂದು ದಿನ ಹಿಂದೆಯೇ ಹೋದೆ. ಗೋಡೆಯ ಮರೆಯಲ್ಲಿ ಪೈಪ್ ಸೇದುತ್ತಿದ್ದ. ಭಾನುವಾರ ಮನೆಯಲ್ಲಿ ಹೊಗೆಸೊಪ್ಪು ಕೂಡದೆಂದು ನಾನೇ ಕಟ್ಟು ಮಾಡಿದ್ದೆನಲ್ಲ. ಅದೂ ನಾಟಕವೇ ಇರಬೇಕೆಂದು ಮನೆಗೆ ಬಂದೆ.

ಕೊನೆಗೆ ಜನವರಿಯಲ್ಲಿ ಒಂದು ಬೆಳಿಗ್ಗೆ ಅವನು ಗಂಜಿಗೆ ಉಪ್ಪು ಹಾಕಿಕೊಳ್ಳುತ್ತಿದ್ದಾಗ ಕಾಗದವನ್ನು ಬಟ್ಟಲಿನ ಪಕ್ಕಕ್ಕೆ ಇಟ್ಟು, ಇದನ್ನು ಮಾಡಿದ್ದು ನೀನೇ ತಾನೆ ಎಂದು ಕೇಳಿದೆ.

ನಿಧಾನವಾಗಿ ಓದಿದ. ತಾರೀಖಿನ ಮೇಲೆ ಬೆರಳಿಟ್ಟ.

"ಏಪ್ರಿಲ್ ಎರಡು. ಆಗ ನಾನೆಲ್ಲಿದ್ದೆ ಹೇಳು ಗ್ರಿಜಿ? ಕುದುರೆಯಿಂದ ಬಿದ್ದು ಕಾಲು ಮುರ್ಕೊಂಡು ಹಾಯಿಕ್‌ನಲ್ಲಿ ಚಿಕ್ಕಮ್ಮನ ಮನೇಲಿ ಮಲಗಿದ್ನಲ್ಲ. ಏಳು ವಾರ. ನೀನೇ ನೋಡೋಕೆ ಬಂದು, ಗಡ್ಡ ಬಿಟ್ಕೊಂಡು ಹೋತದ ಥರ ಇದ್ದೀಯ ಅಂದಿದ್ದೆ."

ನಿಜ. ಅಂದಿದ್ದೆ. ಮೂರು ತಿಂಗಳಿಂದ ಒಬ್ಬ ನಿರಪರಾಧಿಗೆ ನೀರುಸಾರು ಬಡಿಸಿದ್ದೆ.

"ಹಾಗಾದ್ರೆ ಆ ಏಪ್ರಿಲ್‌ನಲ್ಲಿ ವಿನ್‌ರಿಗ್ ಯಾರು?"

"ಅಪ್ಪ ಮಣ್ಣಲ್ಲಿ, ನಾನು ಹಾಸಿಗೇಲಿ. ಹೆಸರು ಮನೇಲಿ ಸುಮ್ನೆ ಬಿದ್ದಿತ್ತು. ಯಾರ ಕೈಲಿ ಲೇಖನಿ ಇತ್ತೋ ಅವ್ರು ಎತ್ಕೊಂಡಿರ್ತಾರೆ. ಕೆದಕ್ಬೇಡ, ಗ್ರಿಜಿ. ಬಿಟ್ಬಿಡು."

ಅಷ್ಟು ಹೇಳಿ ಗಂಜಿ ಮುಗಿಸಿ ಕುರಿಗಳ ಕಡೆ ಹೋದ. ಅವನಿಗೆ ಮೊದಲಿನಿಂದಲೂ ಏನೋ ತಿಳಿದಿತ್ತೆಂದು ನನ್ನ ಲೆಕ್ಕ, ಆದರೆ ಅವನ ಬಾಯಿ ಬಿಡಿಸುವುದು ನಾನೂರು ಕುರಿಗಳ ಬಾಯಿ ಬಿಡಿಸುವುದಕ್ಕಿಂತ ಕಷ್ಟ. ಆ ದಿನವೇ ಅವನ ಹನ್ನೆರಡು ಜೊತೆ ಕಾಲುಚೀಲಗಳನ್ನೂ ಎದುರಿಗೆ ಹಾಕಿಕೊಂಡು ಕೂತೆ. ಈಗ ಭಾನುವಾರವೂ ಒಲೆಯ ಪಕ್ಕದಲ್ಲೇ ಪೈಪ್ ಸೇದುತ್ತಾನೆ, ನಾನು ಕಿಟಕಿ ತೆರೆದು ಸುಮ್ಮನಿರುತ್ತೇನೆ. ಡಾಡ್ಸ್‌ಗೆ ಮಾತ್ರ ಒಂದು ಚೀಟಿ ಕಳಿಸಿದೆ. ಪಾರುಪತ್ಯಗಾರನಿಗೆ ಅಂದು ವಿನ್‌ರಿಗ್ ಬರೆದ ಮೂಲ ಕಾಗದ ಕಟ್ಟಿನಲ್ಲಿ ಇದ್ದೀತೇ, ನೋಡಿ ಎಂದು ಕೇಳಿದೆ.

ಉಳಿದಂತೆ ಎಲ್ಲ ಎಂದಿನ ಹಾಗೆಯೇ. ಮರಿ ಹಾಕುವ ಕಾಲ ಹತ್ತಿರ ಬಂತು, ಅಣ್ಣನ ಮಂಡಿನೋವು ಹಾಗೇ ಇದೆ, ಹೊಸ ಪಾದ್ರಿ ತೀರ ಉದ್ದ ಪ್ರಾರ್ಥನೆ ಮಾಡುತ್ತಾನೆ. ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನನ್ನೂ ನಿನ್ನ ಮನೆಯನ್ನೂ ಆ ದೂರದ ನೆಲದಲ್ಲಿ ಕೈ ಹಿಡಿದು ನಡೆಸಲಿ.

ನಿನ್ನ ಅಕ್ಕ,
ಗ್ರಿಜೆಲ್ ಹಿಸ್ಲಪ್

ತಾ.ಕ. — ಮೂಲ ಕಾಗದ ಎರಡು ವಾರದ ಹಿಂದೆಯೇ ಬಂತು. ಇಷ್ಟು ಹೊತ್ತೂ ಅದು ನನ್ನ ಮೊಣಕೈ ಕೆಳಗೇ ಇದೆ, ಬರೆಯಲು ಕೈ ಬರಲಿಲ್ಲ. ಮೂರೇ ಸಾಲು. 'ಥಾರ್ಬರ್ನ್ ಕಾಯುವ ಮಂದೆಯಲ್ಲಿ ಎರಡೂ ಕಿವಿಗೆ ಕಚ್ಚು ಬಿದ್ದ ಮೂರು ಎಳೆ ಕುರಿಗಳನ್ನು ನೋಡಿದೆ. ಬಲಗಿವಿಯ ಕಚ್ಚು ಬರ್ನ್‌ಫುಟ್‌ನ ಗುರುತು. ಅಂಥವನಿಗೆ ಗೇಣಿ ಕೊಡುವ ಮೊದಲು ಯೋಚಿಸಿ.' ಕೆಳಗೆ ವಿನ್‌ರಿಗ್ ಎಂದು ರುಜು. ಅಕ್ಷರ ನಿನ್ನದು, ಎಫಿ. ಆ ವಸಂತದಲ್ಲಿ ನಾನು ಗುಡ್ಡದಲ್ಲಿ ಮರಿಗಳ ಹಿಂದೆ ಇದ್ದೆ, ಮನೆಯ ಕಾಗದಪತ್ರವೆಲ್ಲ ನಿನ್ನ ಕೈಯಲ್ಲಿತ್ತು.

ಮೂರು ದಿನ ನಿನ್ನನ್ನು ಶಪಿಸಿದೆ. ಬರಬೇಡ ಎಂದು ಬರೆದು, ಲಕೋಟೆಗೆ ಅಂಟೂ ಹಾಕಿದ್ದೆ. ನಾಲ್ಕನೆಯ ದಿನ ಕುರಿಗಳಿಗೆ ಹುಲ್ಲು ಹಾಕುತ್ತಿದ್ದಾಗ ನೆನಪಾಯಿತು. ಆ ಬಲಗಿವಿಗಳನ್ನು ಕತ್ತರಿಸಿದವಳು ನಾನು.

ನಮ್ಮ ಮಂದೆಯ ಗುರುತು ಎಡಗಿವಿಯ ಕಚ್ಚು. ಹಿಂದಿನ ಜೂನ್‌ನಲ್ಲಿ ಮರಿಗಳಿಗೆ ಗುರುತು ಹಾಕುವಾಗ, ನಾನೂ ಮಾಡುತ್ತೇನೆ ಎಂದು ಗಿಡಿಯನ್‌ನ ಕೈಯಿಂದ ಚಾಕು ಕಿತ್ತುಕೊಂಡಿದ್ದೆ. ಮರಿಯ ಮುಖ ನನ್ನ ಕಡೆಗಿತ್ತು. ನನ್ನ ಎಡಕ್ಕೆ ಕಂಡದ್ದು ಅದರ ಬಲಗಿವಿ. ಮೂರು ಮರಿ ಆದ ಮೇಲೆ ತಿಳಿಯಿತು, ಸರಿಪಡಿಸಲೆಂದು ಎಡಗಿವಿಗೂ ಕಚ್ಚು ಹಾಕಿದೆ. ಕದ್ದ ಕುರಿಗೆ ಮರುಗುರುತು ಹಾಕಿದರೆ ಹೇಗಿರುತ್ತದೋ ಹಾಗೆಯೇ ಕಂಡಿರಬೇಕು. ಅವನು ನಕ್ಕು, "ಮೂರೇ ಅಲ್ವಾ, ಬರ್ನ್‌ಫುಟ್‌ಗೆ ನಾನು ಹೇಳ್ತೀನಿ ಬಿಡು" ಎಂದಿದ್ದ. ಹೇಳಿಯೂ ಇದ್ದಾನು. ಆದರೆ ಮುದುಕ ಅದೇ ಚಳಿಗಾಲದಲ್ಲಿ ಸತ್ತ.

ನೀನು ಕಂಡದ್ದನ್ನು ಬರೆದೆ. ನಿನ್ನ ಜಾಗದಲ್ಲಿ ನಾನಿದ್ದರೂ ಬರೆಯುತ್ತಿದ್ದೆ. ನನ್ನನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ನಾನೂ ಅವನನ್ನು ಇನ್ನೊಂದು ಸಲ ಕೇಳಲಿಲ್ಲ. ಅವನ ಮನಸ್ಸು ನನ್ನಿಂದ ದೂರವಾಗಿದೆ, ಗೇಣಿ ಬರೀ ನೆಪ ಎಂದುಕೊಂಡೆ. ಪೆಟಗೋನಿಯಾದಿಂದ ಅವನ ಎರಡು ಕಾಗದ ಬಂದವು. ಒಡೆಯದೆ ಒಲೆಗೆ ಹಾಕಿದೆ.

ಬಾ, ಎಫಿ. ಮೇ ತಿಂಗಳಲ್ಲೇ ಹಡಗು ಹತ್ತಿಬಿಡು. ಬಂದ ಮೇಲೆ ನನ್ನ ಎದುರಿಗೆ ತಲೆ ತಗ್ಗಿಸಿ ಓಡಾಡಬೇಡ, ನನಗೆ ಸಹಿಸಲಾಗದು. ಅಪ್ಪ ಸತ್ತು ಗೇಣಿ ಅಣ್ಣನ ಹೆಸರಿಗೆ ಇನ್ನೂ ಆಗದಿದ್ದ ಕಾಲ ಅದು. ಗಿಡಿಯನ್ ನನ್ನ ಹೆಸರು ಹೇಳಿದ್ದರೆ ಕಳ್ಳತನದ ಆರೋಪ ನಮ್ಮ ಮನೆಯ ಮೇಲೇ ಬರುತ್ತಿತ್ತು, ವಿನ್‌ರಿಗ್‌ಗೆ ಬೇರೆ ಯಾರೋ ಬರುತ್ತಿದ್ದರು. ನಿನ್ನ ಕಾಗದದ ಹಿಂಬದಿಯಲ್ಲಿ ಪಾರುಪತ್ಯಗಾರ ಪೆನ್ಸಿಲ್ಲಿನಿಂದ ಹೀಗೆ ಬರೆದಿಟ್ಟಿದ್ದಾನೆ: 'ಥಾರ್ಬರ್ನ್‌ನನ್ನು ಕರೆಸಿ ಕೇಳಿದೆ. ಕತ್ತರಿಸಿದ್ದು ಯಾರೆಂದು ಬಲ್ಲ. ಹೇಳಲೊಲ್ಲ.'