ಬೆಳ್ಳಿ ತಗಡಿನ ಕುದುರೆ ಸವಾರ

ಪ್ರೀತಿಯ ಅಜ್ಜಿಗೆ ಮೊಮ್ಮಗಳ ನಮಸ್ಕಾರ.

ಇವತ್ತು ಕಂಡದ್ದನ್ನು ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತದೆ! ಈ ಸಂಗ್ರಹಾಲಯದಲ್ಲಿ ನನ್ನದು ಮೊಟ್ಟಮೊದಲ ಕಾಲದ ಫೋಟೋಗಳನ್ನು ವಿಂಗಡಿಸುವ ಕೆಲಸ. ಅವು ಕಾಗದದವಲ್ಲ, ಕನ್ನಡಿಯಂಥ ಬೆಳ್ಳಿ ಲೇಪದ ತಗಡುಗಳು. ನೇರ ಹಿಡಿದರೆ ನಮ್ಮದೇ ಮುಖ, ತುಸು ಓರೆ ಮಾಡಿದರೆ ಒಳಗಿನವರು ಕಾಣುತ್ತಾರೆ. ಬೆಳಿಗ್ಗೆ ಒಂದನ್ನು ಓರೆ ಮಾಡಿದೆ: ಎದೆಗೆ ಉಕ್ಕಿನ ಕವಚ ತೊಟ್ಟು, ತೊಡೆಯ ಮೇಲೆ ಕತ್ತಿ ಇಟ್ಟುಕೊಂಡು ಕೂತ ಒಬ್ಬ ಮುದುಕ! ಕತ್ತಿ ಕವಚದ ಕಾಲಕ್ಕೆ ಕ್ಯಾಮೆರಾ ಎಲ್ಲಿತ್ತು, ನಾಟಕದವನಿರಬೇಕು ಎಂದು ನಟರ ಡಬ್ಬಿಗೆ ಹಾಕಿಬಿಟ್ಟೆ. ನಮ್ಮ ಮೇಡಂ ಅದನ್ನು ಹೊರಗೆ ತೆಗೆದರು.

"ವೇಷ ಅಲ್ಲಮ್ಮಾ ಇದು. ಹುಡುಗ ಆಗಿದ್ದಾಗ ಇದೇ ಕವಚ ಹಾಕ್ಕೊಂಡು, ಕುದುರೆ ಹತ್ತಿ ಯುದ್ಧಕ್ಕೆ ಹೋದವನು. ಕ್ಯಾಮೆರಾ ಬರೋವರೆಗೂ ಬದುಕಿದ್ದ, ಅಷ್ಟೇ!"

ಮೈ ಜುಂ ಎಂದಿತು. ನೀನು ಹೇಳುತ್ತಿದ್ದ ರಾಜರ ಕಥೆಯೊಳಗಿಂದ ಒಬ್ಬ ಸವಾರ ಎದ್ದು ಬಂದು ಸ್ಟುಡಿಯೋ ಕುರ್ಚಿಯಲ್ಲಿ ಕೂತ ಹಾಗಿತ್ತು! ಆಗ ಒಂದು ಫೋಟೋಗೆ ಬಹಳ ಹೊತ್ತು ಕದಲದೆ ಕೂರಬೇಕಿತ್ತಂತೆ; ತಲೆ ಅಲುಗದಿರಲಿ ಎಂದು ಕತ್ತಿನ ಹಿಂದೆ ಕಬ್ಬಿಣದ ಆಸರೆ ಬೇರೆ.

ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ.

ಕಾರ್ಡು ತುಂಬುತ್ತಿದೆ, ಮುಖ್ಯವಾದದ್ದು ಕೇಳು. ಹಲ್ಲಿಲ್ಲದ ಬಾಯಿಗೆ ಫೋಟೋ ಯಾಕೆ ಎಂದು ನೀನು ಕ್ಯಾಮೆರಾ ಕಂಡರೆ ಅಡುಗೆಮನೆಗೆ ಓಡುತ್ತೀಯ. ಮನೆಯ ಒಂದು ಫೋಟೋದಲ್ಲೂ ನೀನಿಲ್ಲ. ಈ ವೀರನಿಗೂ ಹಲ್ಲಿಲ್ಲ ಅಜ್ಜಿ, ಎರಡೂ ಕೆನ್ನೆ ಒಳಗೆ ಹೋಗಿವೆ. ಆದರೂ ಸೆಟೆದು ಕೂತಿದ್ದಾನೆ. ನಾಳೆಯೇ ಮಾವನ ಜೊತೆ ಸ್ಟುಡಿಯೋಗೆ ಹೋಗು. ಬೇಕಾದರೆ ಬಾಯಿ ಮುಚ್ಚಿಕೊಂಡೇ ಕೂತುಕೋ, ನಿನ್ನ ಕೈಲಾದರೆ!

ನಿನ್ನ ಪುಟ್ಟಿ