ಮೈಲಾರಪ್ಪನವರ ದ್ರಾವಣ ಮತ್ತು ನಿಮ್ಮ ವರದಿಯ ಒಂದು ಸಾಲು

ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ವರದಿಯ ಹನ್ನೊಂದನೇ ಪುಟದಲ್ಲಿ ಒಂದು ಸುಳ್ಳಿದೆ. "ದ್ರಾವಣದ ತಯಾರಿಯಲ್ಲಿ ಸಹಾಯಕ ಸಿಬ್ಬಂದಿಯ ನಿರ್ಲಕ್ಷ್ಯ ಕಂಡುಬಂದಿದೆ" ಎಂಬ ಆ ಸಾಲಿನಿಂದ, ನಮ್ಮ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಹಂಗಾಮಿಯಾಗಿ ದುಡಿದ ಮೈಲಾರಪ್ಪನವರ ಕೆಲಸ ಹೋಯಿತು. ಅವರನ್ನು ಕಾಯಂ ಮಾಡಬೇಕೆಂದು ಕೋರಿದ್ದ ಕಡತವೂ ಅದೇ ಸಾಲನ್ನು ಹೊತ್ತು ವಾಪಸು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೆ, ಸರ್ಕಾರಿ ಕಾಗದದಲ್ಲಿ ಓದಿದ್ದು ಇದೇ ಮೊದಲು.

ತಾವು ಧಾರವಾಡಕ್ಕೆ ಏನು ನೋಡಲು ಬಂದಿದ್ದಿರಿ ಎಂಬುದು ತಮಗೆ ಮರೆತಿರಬಹುದು. ಊಟ ಚೆನ್ನಾಗಿತ್ತೆಂದು ಮಾತ್ರ ತಾವು ನೆನೆಯುತ್ತಿರುತ್ತೀರೆಂದು ಕೇಳಿದ್ದೇನೆ. ನಮ್ಮದು ಕೂದಲೆಳೆಗಿಂತ ಕಿರಿದಾದ ಕಾಲುವೆಗಳ ಕೆಲಸ. ಆ ಕಾಲುವೆಯಲ್ಲಿ ಬರೀ ನೀರಿನ ಜೊತೆ ಸಣ್ಣ ಕಣಗಳನ್ನು ನಿಧಾನವಾಗಿ ಹರಿಯಬಿಟ್ಟರೆ ಅವು ಎಲ್ಲೆಂದರಲ್ಲಿ ಹೋಗುತ್ತವೆ. ನೀರಿಗೆ ಚೂರು ಪಾಲಿಮರ್ ಪುಡಿ ಕರಗಿಸಿದರೆ ಕಥೆಯೇ ಬೇರೆ. ಅದರ ಉದ್ದುದ್ದ ಅಣುಗಳು ಕಾಲುವೆಯ ಗೋಡೆಯ ಹತ್ತಿರ ರಬ್ಬರಿನಂತೆ ಎಳೆದುಕೊಂಡು, ಕಣಗಳನ್ನು ನಡುವಿಗೆ ತಳ್ಳುತ್ತವೆ. ಕಣಗಳು ತಾವಾಗಿಯೇ ಒಂದೇ ಸಾಲಿನಲ್ಲಿ ನಡೆಯುತ್ತವೆ, ಒಂದೊಂದನ್ನೂ ಎಣಿಸಬಹುದು. ಶಿರಗುಪ್ಪಿಯಂಥ ಸಣ್ಣ ಊರಿನ ಆಸ್ಪತ್ರೆಯಲ್ಲೂ ದೊಡ್ಡ ಯಂತ್ರವಿಲ್ಲದೆ ಒಂದು ತೊಟ್ಟು ರಕ್ತದ ಕಣಗಳನ್ನು ಹೀಗೆ ಎಣಿಸಿ ಪರೀಕ್ಷಿಸುವಂತಾಗಬೇಕು ಎಂಬುದಷ್ಟೇ ನಮ್ಮ ಆಸೆ.

ಎಲ್ಲವೂ ನಿಂತಿರುವುದು ಆ ದ್ರಾವಣದ ಮೇಲೆ. ಪುಡಿಯನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಜೋರಾಗಿ ಕಲಕಿದರೆ ಅಣುಗಳ ಎಳೆ ಹರಿದು ತುಂಡಾಗುತ್ತದೆ. ಹರಿದದ್ದು ಕಣ್ಣಿಗೆ ಕಾಣುವುದಿಲ್ಲ, ದ್ರಾವಣ ಹಾಗೆಯೇ ತಿಳಿಯಾಗಿ ಕೂತಿರುತ್ತದೆ, ಕಣಗಳನ್ನು ನಡುವಿಗೆ ತಳ್ಳುವ ಶಕ್ತಿ ಮಾತ್ರ ಹೋಗಿರುತ್ತದೆ. ನಮ್ಮ ಎಂಎಸ್ಸಿ ಹುಡುಗರು ವರ್ಷಗಟ್ಟಲೆ ಗಂಟು ಕಟ್ಟಿಸಿದ ಮೇಲೆ ದಾರಿ ತೋರಿಸಿದವರು ಮೈಲಾರಪ್ಪ. ಮನೆಯಲ್ಲಿ ಜುಣಕಕ್ಕೆ ಕಡಲೆಹಿಟ್ಟು ಉದುರಿಸುವ ಹಾಗೆ ಒಂದು ಕೈಯಿಂದ ಪುಡಿ ಉದುರಿಸುತ್ತ, ಇನ್ನೊಂದು ಕೈಯಿಂದ ಮೆಲ್ಲಗೆ ತಿರುವುತ್ತಿದ್ದರು. ಆಮೇಲೆ ಎರಡು ದಿನ ಬಾಟಲಿಯನ್ನು ಅಡ್ಡ ಮಲಗಿಸಿ ಗಂಟೆಗೊಮ್ಮೆ ಉರುಳಿಸುವುದು. ನನ್ನ ಎರಡು ಪ್ರಬಂಧಗಳು ಅವರ ಕೈಗುಣದಿಂದ ಅಚ್ಚಾದವು. ಅವುಗಳಲ್ಲಿ ಅವರ ಹೆಸರಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ತಾವು ಗುರುವಾರ ಬರುವುದಾಗಿ ಪತ್ರ ಬರೆದಿದ್ದಿರಿ. ಅದರ ಲೆಕ್ಕದಲ್ಲಿ ಮೈಲಾರಪ್ಪ ಸೋಮವಾರ ಸಂಜೆ ಪುಡಿ ಉದುರಿಸಿದರು. ತಾವು ಮಂಗಳವಾರ ಮಧ್ಯಾಹ್ನವೇ ಬಂದಿರಿ. ಗುರುವಾರ ಬೆಂಗಳೂರಿನಲ್ಲಿ ಸಭೆಯಂತೆ! ಬಾಟಲಿಯಲ್ಲಿ ಪುಡಿ ಇನ್ನೂ ಪೂರ್ತಿ ಕರಗಿರಲಿಲ್ಲ. "ಮೆಷಿನ್ ಇದೆಯಲ್ಲ, ಜೋರಾಗಿ ಹಾಕ್ರೀ. ನಮ್ಮನೇಲಿ ದೋಸೆಹಿಟ್ಟು ಮಿಕ್ಸೀಲಿ ಆಗಲ್ವಾ?" ಎಂದಿರಿ. ಆಗ ಬಾಯಿ ಬಿಟ್ಟವರು ಮೈಲಾರಪ್ಪ ಒಬ್ಬರೇ.

"ತಪ್ಪು ತಿಳಕೋಬ್ಯಾಡ್ರಿ ಸಾಹೇಬ್ರ. ಇದರ ಎಳಿ ಭಾಳ ನಾಜೂಕ ಇರತಾವ್ರಿ, ಜೋರ್ ತಿರುವಿದ್ರ ಹರದು ಹೊಕ್ಕಾವ್ರಿ. ಗುರುವಾರ ತನಕಾ ತಡೀರಿ, ಛಲೋ ಆಕ್ಕೈತ್ರಿ."

ತಾವು ನನ್ನತ್ತ ತಿರುಗಿ, "ಡಾಕ್ಟರೇಟ್ ಯಾರದು ಮೇಡಂ, ನಿಮ್ಮದೋ ಇವರದೋ?" ಎಂದಿರಿ. ಸಮಿತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮೈಲಾರಪ್ಪ ಹೇಳಿದ್ದು ಖರೆ ಎಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಆದರೂ ಕಲಕುವ ಯಂತ್ರದ ವೇಗದ ಗುಂಡಿಯನ್ನು ಕೊನೆಯತನಕ ತಿರುಗಿಸಿದವಳೂ ನಾನೇ. ಅರ್ಧ ಗಂಟೆಯ ನಂತರ ಆ ದ್ರಾವಣವನ್ನು ಕಾಲುವೆಗೆ ಬಿಟ್ಟಾಗ, ಸೂಕ್ಷ್ಮದರ್ಶಕದ ಪರದೆಯಲ್ಲಿ ಕಣಗಳು ಸಂತೆ ಮುಗಿದ ಮೇಲಿನ ಜನರಂತೆ ಚೆಲ್ಲಾಪಿಲ್ಲಿಯಾಗಿ ಹೋದವು. ತಾವು ಗಡಿಯಾರ ನೋಡಿಕೊಂಡಿರಿ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ತಮ್ಮ ಬುದ್ಧಿಗೆ ಕೊರತೆಯಿದೆ ಎಂದು ನಾನು ಹೇಳಲಾರೆ, ಏಕೆಂದರೆ ಆಮೇಲೆ ತಾವು ನನ್ನನ್ನು ಪಕ್ಕಕ್ಕೆ ಕರೆದು ಬಹಳ ಬುದ್ಧಿವಂತಿಕೆಯ ಮಾತಾಡಿದಿರಿ. ತಪ್ಪು ಯೋಜನೆಯದೆಂದು ಬರೆದರೆ ಯೋಜನೆ ನಿಲ್ಲುತ್ತದೆ, ಸಿಬ್ಬಂದಿಯದೆಂದು ಬರೆದರೆ ಉಳಿಯುತ್ತದೆ ಎಂದಿರಿ. ಒಬ್ಬ ಹಂಗಾಮಿ ನೌಕರನಿಗೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಅಷ್ಟೇ ಎಂದು ನಾನು ಮನಸ್ಸಿಗೆ ಸಮಾಧಾನ ಹೇಳಿಕೊಂಡು ತಮ್ಮ ವರದಿಗೆ ಒಪ್ಪಿ ಸಹಿ ಹಾಕಿದೆ. ಮೂರು ವಾರಕ್ಕೆ ಅವರ ಗುರುತಿನ ಚೀಟಿ ಕಸಿದುಕೊಂಡರು. ಐವತ್ತಾರರ ವಯಸ್ಸಿನಲ್ಲಿ ಅವರೀಗ ರಾಯಾಪುರದ ಒಂದು ಗೋದಾಮಿನ ಬಾಗಿಲು ಕಾಯುತ್ತಿದ್ದಾರೆ. ಯೋಜನೆ ಉಳಿದಿದೆ. ಅದಕ್ಕೆ ಬೇಕಾದ ದ್ರಾವಣ ಮಾಡುವವರು ಮಾತ್ರ ಯಾರೂ ಇಲ್ಲ.

ಹೋದ ಭಾನುವಾರ ಅವರ ಹೆಂಡತಿ ಕಸ್ತೂರೆವ್ವ ನಮ್ಮ ಮನೆಗೆ ಬಂದಿದ್ದರು. ಕೆಲಸ ಕೊಡಿಸಿ ಎಂದು ಕೇಳಲು ಬಂದಿದ್ದಾರೆಂದುಕೊಂಡೆ. ಅವರು ಕುರ್ಚಿಯ ಮೇಲೂ ಕೂಡಲಿಲ್ಲ.

"ಮೇಡಂರೀ, ಅವರು ಮನ್ಯಾಗ ಮಾತಾಡೂದ ಬಿಟ್ಟಾರ್ರಿ. ಊಟಕ್ಕ ಕರದ್ರೂ ಹ್ಞೂಂ ಅನ್ನೂದಿಲ್ರಿ. ಖರೇನ ಅವರ ಕೈಯಾಗ ತಪ್ಪಾಗೇತೇನ್ರಿ? ಆಗಿದ್ರ ಆಗೇತಂತ ಹೇಳಿಬಿಡ್ರಿ, ನಾ ತಡಕೋತೇನಿ."

ನಾನು ಚಹಾ ಮಾಡಲು ಒಳಗೆ ಹೋದೆ. ಬೇಕೆಂದೇ ತಡ ಮಾಡಿದೆ. ಹೊರಗೆ ಬಂದಾಗ ಅವರು ಹೊರಟುಹೋಗಿದ್ದರು. ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಚಿಕ್ಕದು. ಹನ್ನೊಂದನೇ ಪುಟದ ಆ ಸಾಲನ್ನು ಹೊಡೆದುಹಾಕಿ. ಅಲ್ಲಿ, "ಸಹಾಯಕರು ಎಚ್ಚರಿಸಿದರೂ ಅಧ್ಯಕ್ಷರ ಮಾತಿನಂತೆ ಯೋಜನೆಯ ಮುಖ್ಯಸ್ಥೆಯೇ ದ್ರಾವಣವನ್ನು ಕೆಡಿಸಿದರು" ಎಂದು ಬರೆಯಿರಿ. ಮೈಲಾರಪ್ಪನವರನ್ನು ಕೆಲಸಕ್ಕೆ ಮರಳಿ ಕರೆಯಿರಿ. ಯೋಜನೆ ನಿಲ್ಲುವುದಾದರೆ ನಿಲ್ಲಲಿ. ಒಂದು ತಿಂಗಳಿನಿಂದ ತಮ್ಮ ಕಚೇರಿಗೆ ಬರೆದ ಮೂರು ಪತ್ರಗಳಿಗೆ ಉತ್ತರ ಬಂದಿಲ್ಲವಾದ್ದರಿಂದ ಇದನ್ನು ಎಲ್ಲರೂ ಓದುವ ಜಾಗದಲ್ಲಿ ಬರೆದಿದ್ದೇನೆ. ತಾವು ಓದದಿದ್ದರೂ ಅಡ್ಡಿಯಿಲ್ಲ, ಇದನ್ನು ಓದಬೇಕಾದವರು ಬೇರೆ ಇದ್ದಾರೆ.

ಇಲ್ಲ ಕಸ್ತೂರೆವ್ವ, ನಿಮ್ಮ ಯಜಮಾನರ ಕೈಯಲ್ಲಿ ಯಾವ ತಪ್ಪೂ ಆಗಿಲ್ಲ. ತಪ್ಪು ನನ್ನ ಕೈಯಲ್ಲಾಯಿತು.

ಇಂತಿ,
ತಮ್ಮ ವರದಿಗೆ ಕಣ್ಣು ತೆರೆದುಕೊಂಡೇ ಸಹಿ ಹಾಕಿದ
ದಾಕ್ಷಾಯಿಣಿ
ಯೋಜನೆಯ ಮುಖ್ಯಸ್ಥೆ, ಈ ಪತ್ರ ಅಚ್ಚಾಗುವವರೆಗೆ
ಧಾರವಾಡ